ಜಿಮ್ ಗೋಡೆಯ ಲೆಕ್ಕ ಎಲ್ಲರಿಗೂ ಹೊಂದದು

ಮಾನ್ಯರೇ,

ಡೌನ್ ಸಿಂಡ್ರೋಮ್ (ಬೌದ್ಧಿಕ ಬೆಳವಣಿಗೆಯನ್ನು ನಿಧಾನಗೊಳಿಸುವ, ಹುಟ್ಟಿನಿಂದಲೇ ಇರುವ ವರ್ಣತಂತು ವ್ಯತ್ಯಾಸ) ಇರುವ ನನ್ನ ತಮ್ಮನಿಗೆ ಈಗ 26. ಥೈರಾಯ್ಡ್ ಮಾತ್ರೆ ನಡೆದಿದೆ, ತೂಕ ಏರುತ್ತಲೇ ಇದೆ. ‘220ರಲ್ಲಿ ವಯಸ್ಸು ಕಳೆಯಿರಿ’ ಎಂಬ ಜಿಮ್ ಗೋಡೆಯ ಲೆಕ್ಕದಂತೆ ಅವನ ಗರಿಷ್ಠ ಹೃದಯಬಡಿತ ನಿಮಿಷಕ್ಕೆ 194 ಇರಬೇಕು. ಇಂಥವರಲ್ಲಿ ಅದು ಸಾಮಾನ್ಯವಾಗಿ ಸಾಕಷ್ಟು ಕಡಿಮೆ ಎಂದು ಸಂಶೋಧನೆಗಳು ಹೇಳಿ ಎಷ್ಟೋ ವರ್ಷವಾಯಿತು. ಆ ಲೆಕ್ಕ ಮುಟ್ಟದ ಅವನು ತರಬೇತುದಾರರ ಬಾಯಲ್ಲಿ ಮಾತ್ರ ‘ಸೋಮಾರಿ’. ಕತ್ತಿನ ಮೇಲ್ಭಾಗದ ಕೀಲು ಸಡಿಲವಿರಬಹುದು, ವೈದ್ಯರನ್ನು ಕೇಳದೆ ಶೀರ್ಷಾಸನ, ಲಾಗ ಹಾಕಿಸಬಾರದು ಎಂಬುದೂ ಅವರಿಗೆ ತಿಳಿದಿಲ್ಲ. ಮನೆಯಲ್ಲೋ, ‘ಪಾಪ’ ಎಂದು ಮೈಸೂರುಪಾಕ್ ಕೈಗಿಡುವ ನೆಂಟರು (ನಮ್ಮ ದೊಡ್ಡಮ್ಮನೇ ಮೊದಲು).

ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯ 2024ರ ಆಹಾರ ಮಾರ್ಗಸೂಚಿ ಗರ್ಭಿಣಿಯರು, ಮಕ್ಕಳು, ವೃದ್ಧರ ಬಗ್ಗೆ ವಿವರವಾಗಿ ಹೇಳುತ್ತದೆ. ಮುಂದಿನ ಪರಿಷ್ಕರಣೆಯಲ್ಲಿ ಬೌದ್ಧಿಕ ಅಂಗವಿಕಲರಿಗೂ ನಾಲ್ಕು ಪುಟ ಮೀಸಲಿಡಲಿ. ಕನ್ನಡದಲ್ಲಿ, ಚಿತ್ರಗಳೊಂದಿಗೆ, ನನ್ನ ತಮ್ಮ ತಾನೇ ನೋಡಿ ತಟ್ಟೆಗೆ ಬಡಿಸಿಕೊಳ್ಳುವಂತೆ.

– ಓದುಗರೊಬ್ಬರು, ದಾವಣಗೆರೆ