ಎತ್ತ ಹೋದರೂ ಅದೇ ದಾರಿ

ಮಾನ್ಯ ಸಂಪಾದಕರೇ,

ವಿಡಿಯೊ ಗೇಮ್‌ಗಳ ಪ್ರಸ್ತಾಪ ಪತ್ರಿಕೆಗಳಲ್ಲಿ ಬರುವುದು ಬಹುಮಟ್ಟಿಗೆ ಮಕ್ಕಳ ಗೀಳಿನ ವಿಷಯ ಬಂದಾಗ ಮಾತ್ರ. ಆಟ ಆಟವಾಗಿ ಹೇಗಿದೆ ಎಂಬ ಮಾತು ಅಪರೂಪ. ವಿಚಿತ್ರ ಪ್ರಾಣಿಗಳನ್ನು ಹಿಡಿದು, ಬೆಳೆಸಿ, ಕಾದಾಡಿಸುವ ಆಟಗಳ ಸರಣಿಯಾದ, ಹದಿನೈದು ವರ್ಷಗಳ ಹಿಂದೆ ಬಿಟ್ಟಿದ್ದ ಪೊಕೆಮಾನ್‌ಗೆ ಮರಳಿ, 2022ರಲ್ಲಿ ಬಂದ ಒಂಬತ್ತನೆಯ ತಲೆಮಾರಿನ ‘ಸ್ಕಾರ್ಲೆಟ್’ ಆಡಿ ಮುಗಿಸಿದವನಾಗಿ ಈ ಪತ್ರ ಬರೆಯುತ್ತಿದ್ದೇನೆ.

ನಾನು ಈ ಆಟ ಕಲಿತದ್ದು ಚಿಕ್ಕಪ್ಪನ ಮಗನಿಂದ ಬೇಸಿಗೆ ರಜೆಗೆ ಕಡ ತಂದ, ಕೈಯಲ್ಲಿ ಹಿಡಿದು ಆಡುವ ಗೇಮ್ ಬಾಯ್ ಅಡ್ವಾನ್ಸ್‌ನಲ್ಲಿ. ಅದರ ಪರದೆಗೆ ಸ್ವಂತ ಬೆಳಕಿರಲಿಲ್ಲವಾದ್ದರಿಂದ ರಾತ್ರಿ ಜಗಲಿಯ ಬಲ್ಬಿನ ಕೆಳಗೆ ಓರೆಯಾಗಿ ಹಿಡಿದು ಆಡಬೇಕಿತ್ತು. ‘ಫೈರ್‌ರೆಡ್’ ಎಂಬ ಅದೇ ಸರಣಿಯ ಆಟದಲ್ಲಿ ಮೊದಲ ಪ್ರಾಣಿಯಾಗಿ ಬೆಂಕಿಯ ಚಾರ್ಮ್ಯಾಂಡರನ್ನು ಆರಿಸಿಕೊಂಡಿದ್ದ ನನಗೆ ಮೊದಲ ಜಿಮ್ಮಿನಲ್ಲೇ (ಊರಿನ ನಾಯಕನನ್ನು ಸೋಲಿಸಬೇಕಾದ ಕಣ) ನಾಯಕ ಬ್ರಾಕ್‌ನ ಕಲ್ಲಿನ ಹಾವು, 14ನೇ ಲೆವೆಲ್ಲಿನ (ಬಲದ ಹಂತ) ಓನಿಕ್ಸ್, ಅಡ್ಡ ಬಂತು. ಬೆಂಕಿ ಅದಕ್ಕೆ ಅಷ್ಟಾಗಿ ತಟ್ಟದು. ಕಾಡಿನ ಹುಳುಗಳೊಡನೆ ಸೆಣಸಿ 13ನೇ ಲೆವೆಲ್ಲಿಗೆ ಏರಿಸಿದರೆ ಚಾರ್ಮ್ಯಾಂಡರ್ ‘ಮೆಟಲ್ ಕ್ಲಾ’ ಎಂಬ ಪಟ್ಟು ಕಲಿಯುತ್ತದೆ ಎಂದು ತಿಳಿಯುವ ಹೊತ್ತಿಗೆ ಎರಡು ದಿನ ಕಳೆದಿದ್ದವು. ಆ ಎರಡು ದಿನಗಳಲ್ಲೇ ಆ ಪ್ರಾಣಿ ನನ್ನದಾಯಿತು.

ಹೊಸ ಆಟದಲ್ಲಿ ಒಂದು ಪ್ರಾಣಿ ಕಾದಾಡಿದರೆ ತಂಡದ ಆರಕ್ಕೂ ಲೆವೆಲ್ ಏರಿಸುವ ಅನುಭವದ ಅಂಕ ಸಿಗುತ್ತದೆ. 2013ರ ಆಟಗಳಲ್ಲಿ ಈ ಹಂಚಿಕೆಯನ್ನು ನಿಲ್ಲಿಸಲು ಅವಕಾಶವಿತ್ತು, ಈಗ ಅದೂ ಇಲ್ಲ. ಹೀಗಾಗಿ ಕಣಕ್ಕೇ ಇಳಿಯದ ಪ್ರಾಣಿಯೂ ತಾನಾಗಿ ಬಲಿತು ನಿಲ್ಲುತ್ತದೆ.

ನನ್ನ ಮುಖ್ಯ ತಕರಾರು ಬೇರೆ. ಸ್ಪೇನ್ ಮತ್ತು ಪೋರ್ಚುಗಲ್‌ಗಳಿರುವ ಐಬೀರಿಯನ್ ಪರ್ಯಾಯ ದ್ವೀಪವನ್ನು ಹೋಲುವ ಪಾಲ್ಡಿಯಾ ಎಂಬ ವಿಶಾಲ ನಾಡನ್ನು ಕಟ್ಟಿ, ಎಂಟು ಜಿಮ್ಮುಗಳನ್ನು ಯಾವ ಕ್ರಮದಲ್ಲಿ ಬೇಕಾದರೂ ಗೆಲ್ಲಬಹುದು ಎಂದು ಆಟಗಾರನನ್ನು ಬಯಲಿಗೆ ಬಿಡುತ್ತಾರೆ. ಆದರೆ ಪ್ರತಿ ಜಿಮ್ಮಿನ ಬಲ ಮೊದಲೇ ನಿಗದಿಯಾಗಿದೆ. ಕೊರ್ಟಾಂಡೊ ಊರಿನ ಜಿಮ್ ನಾಯಕಿ ಕೇಟಿಯ ತಂಡ 15ನೇ ಲೆವೆಲ್ ದಾಟುವುದಿಲ್ಲ, ಹಿಮದ ಗ್ಲಾಸಿಯಾಡೊ ಬೆಟ್ಟದ ಗ್ರೂಶಾನ ತಂಡ 48ಕ್ಕೆ ಮುಟ್ಟುತ್ತದೆ. ಹುಮ್ಮಸ್ಸಿನಿಂದ ಮೊದಲು ಬೆಟ್ಟ ಹತ್ತಿದವನು ಸೋತು ಇಳಿಯಬೇಕು. ಹೇಗೋ ಗೆದ್ದು ಬಂದನೆನ್ನಿ, ಕೇಟಿಯ ಪಂದ್ಯ ಒಂದೊಂದೇ ಏಟಿಗೆ ಮುಗಿದುಹೋಗುತ್ತದೆ. ನಾನು ಅಲೆದಾಡುತ್ತ ಕೇಟಿಯ ಬಳಿ ತಡವಾಗಿ ಹೋಗಿ, ಆಕೆ ಎರಡು ಮಾತು ಆಡುವಷ್ಟರಲ್ಲಿ ಗೆಲುವಿನ ಗುರುತಾದ ಬ್ಯಾಡ್ಜ್ ಪಡೆದು ಹೊರಬಂದೆ. ಕ್ರಮ ಹಿಂದಿನಂತೆಯೇ ಇದೆ, ಅದನ್ನು ತೋರಿಸುವ ಕೈಮರವನ್ನಷ್ಟೇ ಕಿತ್ತುಹಾಕಿದ್ದಾರೆ.

ಹೊಸ ಪ್ರಾಣಿಗಳ ರೂಪದ ಬಗ್ಗೆ ನನ್ನ ದೂರಿಲ್ಲ. ಚೆಂಡಿಗೆ ಕಣ್ಣು ಅಂಟಿಸಿದಂತಿದ್ದ ವೋಲ್ಟಾರ್ಬನ್ನು ಒಪ್ಪಿಕೊಂಡು ಬೆಳೆದವರು ಆ ಮಾತು ಎತ್ತಬಾರದು. ಆಟದ ತಾಂತ್ರಿಕ ಕುಂದುಗಳಿಗೆ ನಿಂಟೆಂಡೊ ಸಂಸ್ಥೆಯೇ 2022ರ ಡಿಸೆಂಬರಿನಲ್ಲಿ ಕ್ಷಮೆ ಕೇಳಿದ್ದರಿಂದ ಅದನ್ನೂ ಕೆದಕುವುದಿಲ್ಲ. ತೀವ್ರವಾಗಿ ಗಾಯಗೊಂಡ ತನ್ನ ನಾಯಿ ಮಬಾಸ್ಟಿಫ್‌ಗಾಗಿ ಆರ್ವೆನ್ ಎಂಬ ಹುಡುಗ ಐದು ಮೂಲಿಕೆಗಳನ್ನು ಹುಡುಕುತ್ತ, ಪ್ರತಿ ಸಲವೂ ಸ್ಯಾಂಡ್‌ವಿಚ್ ಮಾಡಿ ತಿನ್ನಿಸುವ ಕಥೆಯಂತೂ ಹಳೆಯ ಯಾವ ಆಟದಲ್ಲೂ ನಾನು ಕಾಣದಷ್ಟು ಆರ್ದ್ರವಾಗಿದೆ. ಆದರೆ ಆ ಮಾತುಗಳಿಗೆ ದನಿಯೇ ಇಲ್ಲ. ತುಟಿ ಅಲುಗುತ್ತದೆ, ಅಕ್ಷರ ಓಡುತ್ತದೆ, ಅಷ್ಟೇ.

ಮುಂದಿನ ಆಟದಲ್ಲಿ ಜಿಮ್ ನಾಯಕರ ಬಲ ನಮ್ಮ ಕೈಯಲ್ಲಿರುವ ಬ್ಯಾಡ್ಜುಗಳ ಲೆಕ್ಕಕ್ಕೆ ತಕ್ಕಂತೆ ಏರಲಿ, ಅನುಭವದ ಹಂಚಿಕೆಯನ್ನು ನಿಲ್ಲಿಸುವ ಆ ಹಳೆಯ ಅನುಕೂಲವೂ ಮರಳಲಿ. ಇವೆರಡಾದರೆ ಮೊದಲ ದಿನವೇ ಹಿಮದ ಬೆಟ್ಟ ಹತ್ತಲು ನಾನು ಸಿದ್ಧ.

– ಹಳೆಯ ಆಟಗಾರ, ಶಿವಮೊಗ್ಗ