ವೀರಗಲ್ಲಿನ ಚಿತ್ರ ಕತ್ತರಿಸಿದ ಬಗ್ಗೆ ದೂರು

ಫ್ರೇಮ್ ಅಂಗಡಿಯ ಮಾಲೀಕರಿಗೆ,
ಹಾವೇರಿ

ನಮಸ್ಕಾರ. ಫ್ರೇಮ್ ಹಾಕಲು ಕೊಟ್ಟಿದ್ದ ನನ್ನ ಜಲವರ್ಣ ಚಿತ್ರವನ್ನು ನಿಮ್ಮ ಅಂಗಡಿಯಲ್ಲಿ ಮೇಲಿನಿಂದ ಸುಮಾರು ಒಂದು ಇಂಚು ಕತ್ತರಿಸಿದ್ದಾರೆ. ನನ್ನನ್ನು ಒಂದು ಮಾತು ಕೇಳಿಲ್ಲ. ಬಿಲ್ಲಿನ ಮೇಲೇ ಫೋನ್ ನಂಬರ್ ಇತ್ತು, ಅಲ್ವಾ? ವಿಚಾರಿಸಿದರೆ ನಿಮ್ಮ ಹುಡುಗ, "ಮ್ಯಾಲೆ ಖಾಲಿ ಹಾಳಿ ಇತ್ರೀ ಸರ, ರೆಡಿ ಫ್ರೇಮಿಗೆ ಕೂಡ್ಲಿ ಅಂತ ತೆಗದ್ವಿ" ಅಂದ.

ಅದು ಖಾಲಿ ಇರಲಿಲ್ಲ. ನಾನು ಬಿಡಿಸಿದ್ದು ಹಾನಗಲ್ ಕಡೆಯ ಒಂದು ತುರುಗೋಳಿನ ವೀರಗಲ್ಲು, ಅಂದರೆ ದನ ದೋಚುವಾಗ ನಡೆದ ಕಾಳಗದಲ್ಲಿ ಸತ್ತ ವೀರನ ನೆನಪಿನ ಕಲ್ಲು. ಕೆಳಗೆ ದನಗಳು, ಕಾಳಗ. ನಡುವೆ ಸತ್ತ ವೀರನನ್ನು ಕರೆದೊಯ್ಯುವ ಅಪ್ಸರೆಯರು. ಮೇಲೆ ಲಿಂಗದ ಮುಂದೆ ಕೈಮುಗಿದು ಕೂತ ಅವನೇ, ಅದರ ನೆತ್ತಿಗೆ ಸೂರ್ಯ, ಚಂದ್ರ. ಅವರಿಬ್ಬರೂ ಇರುವ ತನಕ ಇವನ ಹೆಸರೂ ಇರಲಿ ಅಂತಲೇ ಕೆತ್ತುವುದು ಅವನ್ನು. ಜಲವರ್ಣದಲ್ಲಿ ಬಿಳುಪು ಬೇಕಾದ ಕಡೆ ಸಾಮಾನ್ಯವಾಗಿ ಬಿಳಿ ಬಣ್ಣ ಹಚ್ಚುವುದಿಲ್ಲ, ಕಾಗದವನ್ನೇ ಹಾಗೇ ಬಿಡುತ್ತೇವೆ. ಆ ಸೂರ್ಯ ಚಂದ್ರರನ್ನೂ ಹಾಗೆಯೇ ಬಿಟ್ಟು, ಸುತ್ತ ತೆಳುವಾಗಿ ಬೂದು ಬಣ್ಣ ಎಳೆದಿದ್ದೆ. ಅದನ್ನೇ ಖಾಲಿ ಹಾಳೆ ಅಂದುಕೊಂಡಿರಿ. ಮಳೆಗಾಳಿಗೆ ನಿಂತ ಕಲ್ಲಿನ ಮೇಲೆ ಅವು ಇನ್ನೂ ಇವೆ, ನಿಮ್ಮ ಅಂಗಡಿಗೆ ಬಂದ ಕಾಗದದ ಮೇಲೆ ಇಲ್ಲ!

ಇನ್ನೊಂದು. ಬಿಲ್ಲಿನಲ್ಲಿ ಮೌಂಟ್ ಬೋರ್ಡಿಗೆ, ಅಂದರೆ ಚಿತ್ರದ ಸುತ್ತ ಕೂರಿಸುವ ದಪ್ಪ ರಟ್ಟಿಗೆ ಅಂತ ಹಣ ಹಿಡಿದಿದ್ದೀರಿ, ಫ್ರೇಮಿನಲ್ಲಿ ಮೌಂಟೇ ಇಲ್ಲ. ಗಾಜು ನೇರ ಬಣ್ಣಕ್ಕೆ ತಾಗಿದೆ. ಮೌಂಟ್ ಹಾಕುವುದು ಬರೀ ಚೆಂದಕ್ಕಲ್ಲ, ಗಾಜಿಗೂ ಕಾಗದಕ್ಕೂ ನಡುವೆ ಸ್ವಲ್ಪ ಜಾಗ ಇರಲಿ ಅಂತ. ಮಳೆಗಾಲದಲ್ಲಿ ಗಾಜಿನ ಒಳಗೆ ತೇವ ಕೂತರೆ ಬೂಸ್ಟು ಹಿಡಿಯುತ್ತದೆ, ಜಲವರ್ಣ ಒಣಗಿದ ಮೇಲೂ ನೀರು ತಾಗಿದರೆ ಮತ್ತೆ ಕರಗುತ್ತದೆ. ಸಾಲದ್ದಕ್ಕೆ ಹಿಂದೆ ಪೂರ್ತಿ ಅಂಟು ಬಳಿದು ಹಾರ್ಡ್‌ಬೋರ್ಡಿಗೆ ಮೆತ್ತಿದ್ದೀರಿ. ಫೋಟೋ ಆಗಿದ್ದರೆ ಇನ್ನೊಂದು ಪ್ರಿಂಟ್ ತೆಗೆಸುತ್ತಿದ್ದೆ, ಸುಮ್ನೆ ಇರುತ್ತಿದ್ದೆ. ಇದು ಇದ್ದದ್ದೇ ಒಂದು.

"ಇನ್ನೊಂದು ಫ್ರೇಮ್ ಫ್ರೀ ಹಾಕಿಕೊಡುತ್ತೇವೆ" ಅಂದಿರಿ. ಬೇಡ. ಫ್ರೇಮಿನ ಪೂರ್ತಿ ಹಣ ವಾಪಸ್ ಕೊಡಿ. ಕೇಳದೆ ಕತ್ತರಿಸಿದ್ದು ನಿಜ ಅಂತ ಬರೆದು ಸಹಿ ಮಾಡಿ ಕೊಡಿ. ಚಿತ್ರದ ನಷ್ಟದ ಮಾತು ಆಮೇಲೆ ಕೂತು ಆಡೋಣ. ಹದಿನೈದು ದಿನದಲ್ಲಿ ಉತ್ತರ ಬರದಿದ್ದರೆ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡುತ್ತೇನೆ, ಅಲ್ಲಿಗೂ ಬಗೆಹರಿಯದಿದ್ದರೆ ಜಿಲ್ಲಾ ಗ್ರಾಹಕ ಆಯೋಗ ಇದೆ. ಬಿಲ್ಲು, ಕೊಡುವ ಮುಂಚೆ ಮೊಬೈಲಿನಲ್ಲಿ ತೆಗೆದ ಫೋಟೋ, ಎರಡೂ ನನ್ನ ಹತ್ತಿರ ಇವೆ.

ಕತ್ತರಿಸಿದ ಪಟ್ಟಿ ಇನ್ನೂ ಕಸಕ್ಕೆ ಹೋಗಿರದಿದ್ದರೆ ಮಡಚದೆ ಎತ್ತಿಡಿ, ನಾನೇ ಬಂದು ಒಯ್ಯುತ್ತೇನೆ.

ಇಂತಿ,
ನಿಮ್ಮ ಗ್ರಾಹಕ