ಬೋಲ್ಟ್ ಬಿಗಿಯುವುದು ಭಾರ ಬಿದ್ದ ಮೇಲೆ

ಮಾನ್ಯರೇ,

ಎತ್ತರ ಹೊಂದಿಸುವ ಸಸ್ಪೆನ್ಷನ್ ಹಾಕಿಸಿದ ಕಾರು ಕೆಲವೇ ದಿನಗಳಲ್ಲಿ ಮತ್ತಷ್ಟು ತಗ್ಗಿದರೆ ಎಲ್ಲರೂ ಸ್ಪ್ರಿಂಗನ್ನು ದೂರುತ್ತಾರೆ. ಎಷ್ಟೋ ಸಲ ತಪ್ಪು ಜೋಡಣೆಯದು. ಚಕ್ರಗಳು ಗಾಳಿಯಲ್ಲಿ ತೂಗಾಡುವಾಗಲೇ ಲೋವರ್ ಆರ್ಮ್ (ಚಕ್ರವನ್ನು ಬಾಡಿಗೆ ಸೇರಿಸುವ ಕೆಳಗಿನ ತೋಳು) ಬೋಲ್ಟ್ ಬಿಗಿದರೆ, ಕಾರು ಕೆಳಗಿಳಿದಾಗ ಆ ಆರ್ಮಿನ ಕೀಲಿನಲ್ಲಿರುವ ರಬ್ಬರ್ ಬುಷ್ ತಿರುಚಿಕೊಂಡು ಬಾಡಿಯನ್ನು ಎತ್ತಿ ಹಿಡಿಯುತ್ತದೆ. ಓಡಾಡಿದಂತೆ ಬುಷ್ ಸಡಿಲಗೊಂಡು ಕಾರು ತಗ್ಗುತ್ತದೆ; ಕೊನೆಗೆ ಬುಷ್ ಹರಿದುಹೋಗುತ್ತದೆ. ಭಾರ ಚಕ್ರಗಳ ಮೇಲೆ ಬಿದ್ದ ನಂತರವೇ ಬೋಲ್ಟನ್ನು ಪೂರ್ತಿ ಬಿಗಿಯಬೇಕು.

ಹಳೆಯ ಸಸ್ಪೆನ್ಷನ್ ಬಿಚ್ಚುವ ಮೊದಲೇ ಚಕ್ರದ ನಡುವಿನಿಂದ ಫೆಂಡರ್ (ಚಕ್ರದ ಮೇಲಿನ ಬಾಡಿ ಕಮಾನು) ಅಂಚಿನವರೆಗೆ ನಾಲ್ಕೂ ಕಡೆ ಅಳೆದಿಡಿ. ಸ್ಪ್ರಿಂಗ್ ಆರ್ಮಿನ ನಡುವೆ ಕೂರುವ ಕಾರುಗಳಲ್ಲಿ ಕಾಲರ್ (ಸ್ಪ್ರಿಂಗಿಗೆ ಆಧಾರವಾಗಿ, ತಿರುಗಿಸಿ ಎತ್ತರ ಬದಲಿಸುವ ರಿಂಗ್) 10 ಮಿ.ಮೀ. ಇಳಿಸಿದರೆ ಕಾರು ಅದಕ್ಕಿಂತ ಹೆಚ್ಚೇ ಇಳಿಯುತ್ತದೆ. ಸುಮಾರು 300 ಕಿ.ಮೀ. ಓಡಿಸಿ, ಮತ್ತೆ ಅಳೆದು ಸರಿಪಡಿಸಿ, ಕಾಲರ್ ಜಾರದಂತೆ ಹಿಡಿಯುವ ಲಾಕ್ ರಿಂಗ್ ಬಿಗಿದು, ಆಮೇಲಷ್ಟೇ ಚಕ್ರಗಳ ಅಲೈನ್‌ಮೆಂಟ್, ಹೆಡ್‌ಲೈಟ್ ಹೊಂದಿಸಿ. ಗ್ಯಾರೇಜುಗಳು ಬಿಲ್ಲಿನ ಜೊತೆ ಈ ಅಳತೆಗಳನ್ನೂ ಬರೆದುಕೊಡಲಿ.

– ಓದುಗ, ಹುಬ್ಬಳ್ಳಿ